ಪ್ಯೂರಿಫೈಯರ್‌ನ ಕೆಂಪು ದೀಪ ಆರುತ್ತಲೇ ಇಲ್ಲ: ಕೆಟ್ಟಿರುವುದು ಗಾಳಿಯೋ ಸೆನ್ಸರೋ?

ಪ್ರಶ್ನೆ: ಎರಡು ವರ್ಷ ಹಳೆಯ ಏರ್ ಪ್ಯೂರಿಫೈಯರ್. ನಾಲ್ಕು ದಿನದಿಂದ ಕೆಂಪು ದೀಪ ಆರಿಲ್ಲ, ಆಟೋ ಮೋಡ್‌ಗೆ ಹಾಕಿದರೆ ಫ್ಯಾನ್ ಜೋರಾಗಿಯೇ ಓಡುತ್ತದೆ. ಪಿಎಂ2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳ ಪ್ರಮಾಣದ ಸಂಖ್ಯೆ, 180ರ ಆಸುಪಾಸಿನಲ್ಲೇ ನಿಂತಿದೆ. ಹೊಸ ಫಿಲ್ಟರ್ ಹಾಕಿದ್ದಾಯಿತು, ವ್ಯತ್ಯಾಸವಿಲ್ಲ. ಸೆನ್ಸರ್ ಬದಲಿಸಬೇಕೇ ಸರ್?

ಉತ್ತರ: ಈಗಲೇ ಬೇಡ. ಫಿಲ್ಟರ್ ಬದಲಿಸಿದರೆ ಈ ದೀಪ ಆರಲೇಬೇಕೆಂದಿಲ್ಲ. ‘ಫಿಲ್ಟರ್ ಬದಲಿಸಿ’ ಎಂಬ ಸೂಚನೆ ಬಹಳಷ್ಟು ಯಂತ್ರಗಳಲ್ಲಿ ಬರೀ ಗಂಟೆಗಳ ಲೆಕ್ಕ. ಗಾಳಿ ಕೆಟ್ಟಿದೆ ಎನ್ನುವ ಕೆಂಪು, ಶುದ್ಧವಿದೆ ಎನ್ನುವ ನೀಲಿ ದೀಪ ಮಾತ್ರ ಸೆನ್ಸರ್ ಹೇಳಿದಂತೆ ನಡೆಯುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಬಾಗಿಲು, ಕಿಟಕಿ ಮುಚ್ಚಿ ಯಂತ್ರವನ್ನು ಪೂರ್ತಿ ವೇಗದಲ್ಲಿ ಅರ್ಧ ಗಂಟೆ ಓಡಿಸಿ. ಸಂಖ್ಯೆ ನಿಧಾನವಾಗಿಯಾದರೂ ಇಳಿಯುತ್ತಾ ಬಂದರೆ ಸೆನ್ಸರ್ ಸರಿಯಿದೆ, ಹೊಗೆ ಅಥವಾ ದೂಳು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಕೋಣೆಯಲ್ಲಿ ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ ಇದ್ದರೆ ಅದನ್ನು ಒಂದು ಗಂಟೆ ಆರಿಸಿಟ್ಟೇ ಈ ಪರೀಕ್ಷೆ ಮಾಡಬೇಕು. ಅದು ನೀರಿನ ಜೊತೆ ನೀರಿನಲ್ಲಿರುವ ಲವಣವನ್ನೂ ಗಾಳಿಗೆ ಹಾರಿಸುತ್ತದೆ, ಸೆನ್ಸರ್‌ಗೆ ಹನಿಯೂ ಒಂದೇ, ದೂಳೂ ಒಂದೇ.

ಅರ್ಧ ಗಂಟೆ ಕಳೆದರೂ 180 ಅಲ್ಲಾಡದಿದ್ದರೆ ಸೆನ್ಸರ್ ಡಬ್ಬಿಯೊಳಗೆ ಏನೋ ಸಿಕ್ಕಿಕೊಂಡಿದೆ ಎಂದೇ ನನ್ನ ಲೆಕ್ಕ. ಬೆಳಕಿನ ಕಿರಣ ಒಂದು ಕಡೆಯಿಂದ ಹೋಗುತ್ತದೆ, ಅದನ್ನು ನೋಡುವ ಡಿಟೆಕ್ಟರ್ ಓರೆಯಾಗಿ ಕೂತಿರುತ್ತದೆ. ದೂಳಿನ ಕಣ ಅಡ್ಡ ಬಂದಾಗ ಮಾತ್ರ ಬೆಳಕು ಚದುರಿ ಡಿಟೆಕ್ಟರ್‌ಗೆ ತಾಗಬೇಕು. ಒಂದು ಕೂದಲೋ, ಜೇಡರ ಬಲೆಯ ಎಳೆಯೋ, ಬಟ್ಟೆಯ ನಾರೋ ಆ ದಾರಿಯಲ್ಲಿ ಕೂತರೆ ಬೆಳಕು ಸದಾ ಚದುರುತ್ತಲೇ ಇರುತ್ತದೆ, ಸಂಖ್ಯೆಯೂ ಮೇಲೆಯೇ ನಿಲ್ಲುತ್ತದೆ.

ಮರುಪ್ರಶ್ನೆ: ಲೆನ್ಸ್ ಮೇಲೆ ದೂಳು ಕೂತರೂ ಹೀಗೇ ಆಗುತ್ತದೆಯೇ?

ಉತ್ತರ: ಬಹುತೇಕ ಇದರ ಉಲ್ಟಾ. ಲೆನ್ಸ್ ಮಬ್ಬಾದರೆ ಹೋಗುವ ಬೆಳಕೂ ಕಡಿಮೆ, ಬರುವ ಬೆಳಕೂ ಕಡಿಮೆ. ಕೋಣೆ ತುಂಬ ಹೊಗೆಯಿದ್ದರೂ ನೀಲಿ ದೀಪ ಹಾಯಾಗಿ ಉರಿಯುತ್ತಿರುತ್ತದೆ. ಕೆಂಪು ದೀಪ ನೋಡಿ ಎಲ್ಲರೂ ಗಾಬರಿಯಾಗುತ್ತಾರೆ, ಆರದ ನೀಲಿಯನ್ನು ಯಾರೂ ಅನುಮಾನಿಸುವುದಿಲ್ಲ. ನನ್ನ ಪ್ರಕಾರ ಹೆಚ್ಚು ಮೋಸ ಮಾಡುವುದು ನೀಲಿಯೇ.

ಶುಚಿ ಮಾಡುವುದು ಹೀಗೆ: ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಯಂತ್ರದ ಪಕ್ಕದಲ್ಲೋ ಹಿಂದೆಯೋ ಉಗುರು ಹಾಕಿ ಎಳೆಯುವಂಥ ಪುಟ್ಟ ಮುಚ್ಚಳ ಇರುತ್ತದೆ. ತೆಗೆದರೆ ಒಂದು ತೂತು ಕಾಣುತ್ತದೆ, ಅದರ ಆಳದಲ್ಲಿ ಗಾಜಿನ ಮಣಿಯಂತೆ ಹೊಳೆಯುವುದೇ ಲೆನ್ಸ್. ಮೊದಲು ಮುಚ್ಚಳದ ಜಾಲರಿಯ ದೂಳನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕಡಿಮೆ ಸೆಳೆತಕ್ಕಿಟ್ಟು ತೂತಿನ ಬಾಯಿಗೆ ಹಿಡಿಯಿರಿ, ಎಳೆಗಳು ಈಚೆ ಬರುತ್ತವೆ. ಆಮೇಲೆ ಇಯರ್ ಬಡ್ ಅನ್ನು ನೀರಿನಲ್ಲಿ ಅದ್ದಿ, ಹಿಂಡಿ, ಲೆನ್ಸ್ ಮೇಲೆ ಒಂದೇ ದಿಕ್ಕಿಗೆ ಸುತ್ತಿಸಿ. ತಕ್ಷಣ ಒಣ ಬಡ್‌ನಿಂದ ಒರೆಸಿ. ಬಡ್‌ನ ಹತ್ತಿಯೇ ಒಳಗೆ ಎಳೆಬಿಟ್ಟು ಬರುವುದುಂಟು, ಟಾರ್ಚ್ ಬಿಟ್ಟು ನೋಡಿಯೇ ಮುಚ್ಚಿ. ಸೆನ್ಸರ್ ಇನ್‌ಫ್ರಾರೆಡ್ ಅಲ್ಲದೆ ಲೇಸರ್ ಬೆಳಕಿನ ಮಾದರಿಯಾದರೆ ನೀರೂ ಬೇಡ, ಒಣ ಬಡ್ ಸಾಕು. ಅದರೊಳಗೆ ಕಣ್ಣಿಟ್ಟು ನೋಡುವುದಂತೂ ಪ್ಲಗ್ ಹೊರಗಿರುವಾಗ ಮಾತ್ರ.

ಇನ್ನೊಬ್ಬರ ಪ್ರಶ್ನೆ: ಸ್ಪಿರಿಟ್ ಹಾಕಿ ಒರೆಸಬಹುದೇ? ಕಂಪ್ಯೂಟರ್‌ಗೆ ಬಳಸುವ ಗಾಳಿ ಡಬ್ಬಿ ಇದೆ, ಅದು?

ಉತ್ತರ: ಎರಡೂ ಬೇಡ. ಲೆನ್ಸ್ ಪ್ಲಾಸ್ಟಿಕ್ ಆಗಿರುತ್ತದೆ. ಸ್ಪಿರಿಟ್, ಥಿನ್ನರ್ ತಾಗಿ ಒಮ್ಮೆ ಹಾಲುಬಣ್ಣಕ್ಕೆ ತಿರುಗಿದರೆ ಮತ್ತೆ ತಿಳಿಯಾಗುವುದಿಲ್ಲ. ಗಾಳಿ ಡಬ್ಬಿಯ ರಭಸಕ್ಕೆ ಬಾಯಲ್ಲಿದ್ದ ಕಸ ಒಳಗಿನ ಮೂಲೆ ಸೇರುತ್ತದೆ. ಜೊತೆಗೆ, ಸೆನ್ಸರ್ ಡಬ್ಬಿಯ ಸ್ಕ್ರೂ ಬಿಚ್ಚಬೇಡಿ. ಶಾರ್ಪ್‌ನ ಜಿಪಿ2ವೈ1010ರಂಥ ಇನ್‌ಫ್ರಾರೆಡ್ ಸೆನ್ಸರ್‌ನ ಮೈಮೇಲೆ ಒಂದು ಸಣ್ಣ ತಿರುಗುಣಿ ಇರುತ್ತದೆ. ಅದು ಕಾರ್ಖಾನೆಯಲ್ಲೇ ಹೊಂದಿಸಿಟ್ಟದ್ದು. ಸುಮ್ಮನೆ ಒಂದು ಸುತ್ತು ತಿರುಗಿಸಿದಿರೋ, ಆಮೇಲೆ ಬರುವ ಯಾವ ಸಂಖ್ಯೆಗೂ ಅರ್ಥವಿಲ್ಲ.

ಮೂರನೆಯ ಪ್ರಶ್ನೆ: ನಮ್ಮದು ಲೇಸರ್ ಸೆನ್ಸರ್. ಸಂಖ್ಯೆ ಸದಾ 1. ಶುಚಿ ಮಾಡಿದರೂ ಅದೇ. ಮಲ್ಟಿಮೀಟರ್ ಇದೆ, ಏನು ನೋಡಲಿ?

ಉತ್ತರ: ಮೊದಲು ಕಿವಿ ಕೊಡಿ. ಲೇಸರ್ ಸೆನ್ಸರ್‌ನೊಳಗೆ ಬೆರಳುಗುರಿನಷ್ಟು ಫ್ಯಾನ್ ಇರುತ್ತದೆ, ಕಿರಣದ ಮುಂದೆ ಗಾಳಿ ಹರಿಸುವುದು ಅದೇ. ಅದು ನಿಂತರೆ ಒಳಗೆ ಹೊಸ ಗಾಳಿ ಬರುವುದಿಲ್ಲ, ಸಂಖ್ಯೆ ಅಲ್ಲೇ ಕೂರುತ್ತದೆ. ದೊಡ್ಡ ಫ್ಯಾನ್ ಅನ್ನು ಅತಿ ಕಡಿಮೆ ವೇಗಕ್ಕಿಟ್ಟು ತೂತಿನ ಬಳಿ ಕಿವಿಯಿಟ್ಟರೆ ಸಣ್ಣ ಗುಂಯ್ ಎನ್ನುವ ಸದ್ದು ಕೇಳಬೇಕು. ಕರಕರ ಎಂದರೆ ಬೇರಿಂಗ್ ಸವೆದಿದೆ. ಪೂರ್ತಿ ಮೌನವಾದರೆ ನಿದ್ರೆ ಮೋಡ್‌ನಲ್ಲಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಲೇಸರ್‌ನ ಆಯುಷ್ಯ ಉಳಿಸಲು ಕೆಲವು ಯಂತ್ರಗಳು ಆಗ ಸೆನ್ಸರನ್ನು ಮಲಗಿಸಿಡುತ್ತವೆ.

ಆಮೇಲೆ ಹೊಗೆ ಪರೀಕ್ಷೆ: ಬೆಂಕಿಕಡ್ಡಿ ಗೀರಿ ಆರಿಸಿ, ಸೆನ್ಸರ್ ಬಾಯಿಂದ ಒಂದು ಮೀಟರ್ ದೂರ ಹಿಡಿಯಿರಿ. ಅರ್ಧ ನಿಮಿಷದೊಳಗೆ ಸಂಖ್ಯೆ ಜಿಗಿಯಬೇಕು. ಹೊಗೆಯನ್ನು ತೂತಿಗೇ ಊದಬೇಡಿ, ಅದರ ಅಂಟು ಲೆನ್ಸ್ ಮೇಲೆ ಕೂರುತ್ತದೆ.

ಇದೂ ಫಲಿಸದಿದ್ದರೆ ಮಾತ್ರ ಮೀಟರ್. ಮುಖ್ಯ ಬೋರ್ಡ್‌ನ ಪಕ್ಕದಲ್ಲೇ ಮನೆಯ ಕರೆಂಟ್ ಇರುತ್ತದೆ. ಅನುಭವವಿಲ್ಲದಿದ್ದರೆ ಕವಚ ಬಿಚ್ಚದೆ ಇಲ್ಲಿಗೇ ನಿಲ್ಲಿಸಿ. ಅನುಭವವಿದ್ದರೆ, ಪ್ಲಗ್ ಕಿತ್ತು ಸೆನ್ಸರ್‌ನ ಕನೆಕ್ಟರ್ ಒಮ್ಮೆ ಎಳೆದು ಹಾಕಿ. ಎಷ್ಟೋ ಸಲ ಕಾಯಿಲೆ ಇಷ್ಟೇ. ಪಿಎಂಎಸ್5003 ಥರದ ಲೇಸರ್ ಸೆನ್ಸರ್ ಆದರೆ ಅದಕ್ಕೆ 4.5ರಿಂದ 5.5 ವೋಲ್ಟ್ ಬರುತ್ತಿರಬೇಕು. ಬರುತ್ತಿಲ್ಲವೆಂದರೆ ದೋಷ ಬೋರ್ಡ್ ಅಥವಾ ವೈರಿನದು. ಬರುತ್ತಿದ್ದೂ ಫ್ಯಾನ್ ತಿರುಗದಿದ್ದರೆ ಸೆನ್ಸರ್ ಹೋಗಿದೆ ಎನ್ನಬಹುದು. ಇನ್‌ಫ್ರಾರೆಡ್ ಮಾದರಿಯ ಔಟ್‌ಪುಟ್ ಪಿನ್ ಅನ್ನು ಮೀಟರ್‌ನಲ್ಲಿ ಅಳೆದು ತೀರ್ಪು ಕೊಡಬೇಡಿ. ಅಲ್ಲಿ ಎಲ್‌ಇಡಿ 10 ಮಿಲಿಸೆಕೆಂಡಿಗೊಮ್ಮೆ ಬರೀ 0.32 ಮಿಲಿಸೆಕೆಂಡ್ ಮಿನುಗುತ್ತದೆ, ಮೀಟರ್‌ಗೆ ಆ ಮಿಂಚು ಸಿಗುವುದಿಲ್ಲ.

ಮೂರನೆಯ ಪ್ರಶ್ನೆ ಕೇಳಿದವರು: ಫ್ಯಾನ್ ತಿರುಗುತ್ತಿಲ್ಲ, 5 ವೋಲ್ಟ್ ಬರುತ್ತಿದೆ. ನಮ್ಮದು ಪಿಎಂಎಸ್5003, ಸಿಗುತ್ತಿರುವುದು ಪಿಎಂಎಸ್7003. ಹಾಕಬಹುದೇ?

ಉತ್ತರ: ಹಾಗೇ ಕೂರುವುದಿಲ್ಲ. 5003ರದು ಎಂಟು ಪಿನ್, 7003ರದು ಹತ್ತು. ಲೇಬಲ್ ಮೇಲಿನ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ಹೊಂದಿಸಿಕೊಂಡೇ ತನ್ನಿ. ಕೂರಿಸುವಾಗ ಗಾಳಿ ಒಳಹೋಗುವ ತೂತು ಹಳೆಯದರ ದಿಕ್ಕಿಗೇ ಇರಲಿ, ಸೆನ್ಸರ್‌ಗೂ ಕವಚಕ್ಕೂ ನಡುವಿನ ಸ್ಪಂಜ್ ಪಟ್ಟಿ ಎಸೆಯದೆ ಮತ್ತೆ ಹಾಕಿ. ಅದಿಲ್ಲದಿದ್ದರೆ ಯಂತ್ರ ತಾನು ಶುದ್ಧ ಮಾಡಿದ ಗಾಳಿಯನ್ನೇ ಅಳೆಯುತ್ತಾ ಕೂರಬಹುದು.

ಮೊದಲ ಪ್ರಶ್ನೆ ಕೇಳಿದವರು: ಮುಚ್ಚಳ ತೆಗೆದೆ ಸರ್, ಜಾಲರಿಯ ಹಿಂದೆ ಜೇಡರ ಬಲೆ ಇತ್ತು. ಈಗ 22 ತೋರಿಸುತ್ತಿದೆ.

ಉತ್ತರ: ಸರಿಹೋಯಿತು. ಯಂತ್ರ ಗೋಡೆಯ ಮೂಲೆಯಲ್ಲಿದ್ದರೆ ಒಂದಡಿ ಈಚೆಗೆ ಎಳೆದಿಡಿ. ಎರಡು ತಿಂಗಳಿಗೊಮ್ಮೆ ಆ ಮುಚ್ಚಳ ತೆಗೆದು ನೋಡಿ.