ದೃಷ್ಟಿನರದ ಊತವೋ ಉರಿಯೂತವೋ?

ಪ್ರಶ್ನೆ: ಮುಂಬಯಿಯ ಕನ್ನಡಿಗರ ಕಣ್ಣಿನ ತಪಾಸಣೆ ಶಿಬಿರಕ್ಕೆ ಮರಾಠಿ ಕರಪತ್ರವೊಂದು ಕನ್ನಡಕ್ಕೆ ಬರುತ್ತಿದೆ. ಪ್ಯಾಪಿಲೆಡೀಮಾ (ತಲೆಬುರುಡೆಯೊಳಗಿನ ಒತ್ತಡದಿಂದ ದೃಷ್ಟಿನರದ ತುದಿ ಊದುವುದು) ಬಗ್ಗೆ ಬರೆದಲ್ಲಿ ‘ಸೂಜ್’ ಎಂದಿದ್ದುದು ಕರಡಿನಲ್ಲಿ ‘ಕಣ್ಣಿನ ನರದ ಉರಿಯೂತ’ ಆಗಿದೆ. ಹಾಗೇ ಬಿಡಬಹುದೇ? ‘ಬಾವು’ ಎಂದರೆ ಹೇಗೆ?

ಉತ್ತರ: ಉರಿಯೂತ ಬೇಡವೇ ಬೇಡ, ಮೇಡಂ. ಮರಾಠಿಯ ಸೂಜ್ ಊತ, ಉರಿಯೂತ ಎರಡು ಅರ್ಥಕ್ಕೂ ಒದಗುತ್ತದೆ, ನಮ್ಮ ಉರಿಯೂತ ಒದಗದು. ದೃಷ್ಟಿನರದ ಉರಿಯೂತ ಎಂದರೆ ಆಪ್ಟಿಕ್ ನ್ಯೂರೈಟಿಸ್, ಬೇರೆಯೇ ಕಾಯಿಲೆ. ಅದು ದೊಡ್ಡವರಲ್ಲಿ ಸಾಮಾನ್ಯವಾಗಿ ಒಂದೇ ಕಣ್ಣಿಗೆ ಬರುತ್ತದೆ. ಕಣ್ಣು ಹೊರಳಿಸಿದರೆ ನೋವು, ಕೆಲವೇ ದಿನಗಳಲ್ಲಿ ನೋಟ ಮಂಜು, ಕೆಂಪು ಬಣ್ಣ ಮಾಸಿದಂತೆ. ಪ್ಯಾಪಿಲೆಡೀಮಾ ಹೆಚ್ಚಾಗಿ ಎರಡೂ ಕಣ್ಣಿಗೆ. ಶುರುವಿನಲ್ಲಿ ಕಣ್ಣಿನ ಪರೀಕ್ಷೆಯ ಫಲಕದ 6/6 ಸಾಲನ್ನೂ (ಸರಿಯಾದ ನೋಟದ ಸಾಲು) ಓದುತ್ತಾರೆ. ಬಗ್ಗಿ ಎದ್ದಾಗ ಕೆಲವು ಸೆಕೆಂಡು ಕಣ್ಣು ಕತ್ತಲಿಟ್ಟು ಸರಿಹೋಗುವುದು, ತಲೆನೋವು, ಕಿವಿಯಲ್ಲಿ ನಾಡಿ ಬಡಿದ ಸದ್ದು, ಒಂದು ವಸ್ತು ಅಕ್ಕಪಕ್ಕ ಎರಡಾಗಿ ಕಾಣುವುದು: ಕರಪತ್ರದಲ್ಲಿ ಇವು ಇರಲಿ.

‘ಬಾವು’ ಎಂದರೆ ಜನಕ್ಕೆ ಕೀವು ನೆನಪಾಗಿ ಆ್ಯಂಟಿಬಯೋಟಿಕ್ ಕೇಳುತ್ತಾರೆ. (ಡಾಕ್ಸಿಸೈಕ್ಲಿನ್‌ನಂಥವು ಕೆಲವರಲ್ಲಿ ತಲೆಯೊಳಗಿನ ಒತ್ತಡವನ್ನು ತಾವೇ ಏರಿಸುತ್ತವೆ!)

‘ಊತ’ ಸಾಕು, ಆದರೆ ಕಾರಣವನ್ನೂ ಜೊತೆಗೇ ಹೇಳಬೇಕು. ಡಿಸ್ಕ್ (ಕಣ್ಣಿನೊಳಗೆ ಕಾಣುವ ದೃಷ್ಟಿನರದ ತುದಿ) ಊದಿದ್ದೆಲ್ಲ ಪ್ಯಾಪಿಲೆಡೀಮಾ ಅಲ್ಲ. ಬುರುಡೆಯೊಳಗಿನ ಒತ್ತಡದಿಂದ ಊದಿದ್ದಕ್ಕೆ ಮಾತ್ರ ಆ ಹೆಸರು. ದೃಷ್ಟಿನರದ ಹೊದಿಕೆ ಮಿದುಳಿನ ಪೊರೆಯದೇ ಮುಂದುವರಿಕೆ, ಒಳಗಿರುವುದೂ ಮಿದುಳನ್ನು ಸುತ್ತಿರುವ ಅದೇ ದ್ರವ. ಅಲ್ಲಿ ಒತ್ತಡ ಏರಿದರೆ ಇಲ್ಲೂ ಏರುತ್ತದೆ. ನರತಂತುಗಳೊಳಗಿನ ಸಾಗಾಟ ಕಣ್ಣುಗುಡ್ಡೆಯ ಹಿಂಬದಿಯಲ್ಲಿ ತಡೆದು ತಂತುಗಳು ಉಬ್ಬುತ್ತವೆ, ಡಿಸ್ಕಿನ ಅಂಚು ಮಸುಕಾಗುತ್ತದೆ. ಕಿವಿಯ ಕಡೆಯ ಅಂಚು ಮಸುಕಾಗುವುದು ತಡವಾಗಿ.

‘ತಲೆಯ ಒತ್ತಡ’ ಎಂದು ಮೊಟಕು ಮಾಡಬೇಡಿ, ಟೆನ್ಷನ್ ಎಂದುಕೊಳ್ಳುತ್ತಾರೆ. ‘ಕಣ್ಣಿನ ಒತ್ತಡ’ ಗ್ಲಾಕೋಮಾಕ್ಕೆ ಹೋಗುತ್ತದೆ. ಅದರಲ್ಲಿ ಡಿಸ್ಕ್ ಊದುವುದಿಲ್ಲ, ಗುಳಿ ಬೀಳುತ್ತದೆ. ನನ್ನ ಸಲಹೆ: ‘ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿ ದೃಷ್ಟಿನರದ ತುದಿ ಊದಿಕೊಳ್ಳುವುದು’. ಉದ್ದವಾಯಿತು, ಆದರೆ ತಪ್ಪು ಹಾದಿ ಹಿಡಿಸದು.

ಕರಡಿನ ಇನ್ನೊಂದು ಸಾಲು ನೋಡಿ: ‘ಬೆನ್ನಿನ ನೀರು 25 ಸೆಂ.ಮೀ.ಗಿಂತ ಹೆಚ್ಚು’. ಅಷ್ಟು ನೀರು ತೆಗೆಯುತ್ತಾರೆಂದು ಹೆದರುವವರಿದ್ದಾರೆ. ಅದು ಬೆನ್ನಿಗೆ ಸೂಜಿ ಹಾಕಿ ಒತ್ತಡ ನೋಡುವಾಗ ಅಳತೆಕೊಳವೆಯಲ್ಲಿ ದ್ರವ ಏರುವ ಎತ್ತರ, ದೊಡ್ಡವರನ್ನು ಮಗ್ಗುಲಾಗಿ ಮಲಗಿಸಿ ಅಳೆದಾಗ. ಹಾಗೆಯೇ ಬರೆಯಿರಿ, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು ಎನ್ನುವುದನ್ನೂ ಸೇರಿಸಿ. ತಲೆಯೊಳಗೆ ಗಡ್ಡೆಯಿದ್ದರೆ ಸೂಜಿ ಹಾಕುವುದು ಜೀವಕ್ಕೇ ಅಪಾಯ.