ಕಂಬಿಯಲ್ಲಿ ಎಲೆ ಮಾಡುವಾಗ ತೊಟ್ಟು ಮುರಿಯುತ್ತಿದೆ, ಯಾಕೆ?

ಲಿಂಗರಾಜಪುರ ತಾರಸಿ

ನಮಸ್ಕಾರ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಕಂಬಿ ಕೆಲಸದ ಮೇಸ್ತ್ರಿ 12 ಎಂಎಂ ಟಿಎಂಟಿ ತುಂಡುಗಳನ್ನು ಸುಮ್ನೆ ಕೊಟ್ಟರು. ವೀಳ್ಯದೆಲೆ ಆಕಾರದ ಕೊಕ್ಕೆ ಮಾಡಿ, ಬಾಗಿಲ ಪಕ್ಕ ಬೀಗದ ಕೈ ನೇತುಹಾಕೋಣ ಅಂತ ಆಸೆ. ಒಲೆಗೆ ಗುಜರಿಯಿಂದ ತಂದ ಕಾರಿನ ಬ್ರೇಕ್ ಡ್ರಮ್, ಗಾಳಿಗೆ ಹಳೇ ಹೇರ್ ಡ್ರೈಯರ್, ಇಸ್ತ್ರಿ ಅಂಗಡಿಯವರು ತರಿಸುವ ಇದ್ದಿಲು. ಅಡಿಗಲ್ಲು ಅಂದರೆ ಮರದ ದಿಮ್ಮಿಗೆ ಹುಗಿದ ಸಮ್ಮಟಿಗೆ ತಲೆ.

ಎಲೆ ಚೆನ್ನಾಗಿಯೇ ಬರುತ್ತದೆ. ಹಿಡಿಯಲು ಅನುಕೂಲ ಅಂತ ನೀರಿಗೆ ಅದ್ದಿ, ಮತ್ತೆ ಸ್ವಲ್ಪ ಕಾಸಿ ತೊಟ್ಟು ಬಗ್ಗಿಸುತ್ತೇನೆ. ಟಕ್ ಅಂತ ಮುರಿಯುತ್ತದೆ. ಯಾವಾಗಲೂ ಅದೇ ಜಾಗ. ಕಂಬಿಯೇ ಸರಿಯಿಲ್ವಾ? ಲಾರಿಯ ಲೀಫ್ ಸ್ಪ್ರಿಂಗ್ ಹುಡುಕಲಾ? ಮನೆಯಲ್ಲಿ ಹಳೇ ಜಿಐ ಪೈಪ್ ತುಂಡುಗಳೂ ಇವೆ.

ಮಾಗಡಿ ರಸ್ತೆ ವೆಲ್ಡರ್

ಮೊದಲು ಆ ಜಿಐ ಪೈಪ್ ದೂರ ಇಡಿ. ಅದರ ಮೇಲಿನ ಸತು 907 ಡಿಗ್ರಿಗೆ ಕುದಿಯುತ್ತದೆ, ಕುಲುಮೆ ಅದಕ್ಕಿಂತ ಬಿಸಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಕ್ರೋಮ್ ಹೊಳಪಿನ ಬೈಕ್ ಭಾಗಗಳೂ ಬೇಡ. ಉಳಿದದ್ದನ್ನು ಪೀಣ್ಯದವರು ಹೇಳಲಿ.

ಪೀಣ್ಯ ಫಿಟ್ಟರ್

ಕಂಬಿಯನ್ನು ಯಾಕೆ ಬೈತೀರಿ ಸಾರ್, ಅದರ ತಪ್ಪೇನಿಲ್ಲ. ನಮ್ಮ ತಾತನದು ನೆಲಮಂಗಲದ ಕಡೆ ಕುಲುಮೆ. ಕುಡುಗೋಲು, ನೇಗಿಲ ಗುಳ ಎಲ್ಲಾ ತಟ್ಟುತ್ತಿದ್ದರು. ಕಬ್ಬಿಣ ಮುರಿದರೆ ಮುರಿದ ಬಾಯಿ ನೋಡು, ಅದೇ ಹೇಳುತ್ತೆ ಅನ್ನುತ್ತಿದ್ದರು.

ನೀವೂ ನೋಡಿ. ಬಾಯಿಯ ಅಂಚಿನಲ್ಲಿ ಕಪ್ಪು ಗೆರೆ, ಒಳಗೆ ಬೂದು ಬಣ್ಣದ ಹರಳು ಇದ್ದರೆ ಬಿರುಕು ಮೊದಲೇ ಬಿದ್ದಿತ್ತು, ಬಗ್ಗಿಸಿದಾಗ ಪೂರ್ತಿ ಹೋಯಿತು ಅಂತ ಅರ್ಥ. ಆ ಬಿರುಕು ಹುಟ್ಟುವುದು ಕಂಬಿಯ ಮೇಲಿನ ಏಣುಗಳಿಂದ. ಅದನ್ನು ಹಾಗೇ ಬಿಟ್ಟು ತೊಟ್ಟು ಸಣ್ಣ ಮಾಡಿದರೆ ಏಣು ಮಡಚಿಕೊಂಡು ಒಳಗೆ ಸೇರುತ್ತದೆ. ಎಷ್ಟು ತಟ್ಟಿದರೂ ಆ ಮಡಿಕೆ ಬೆಸೆಯುವುದಿಲ್ಲ. ಅದಕ್ಕೇ ಮೊದಲು ಕಂಬಿಯನ್ನು ಚೌಕ ಮಾಡಿ, ಏಣು ಉಳಿದರೆ ಅರದಲ್ಲಿ ಉಜ್ಜಿ ತೆಗೆಯಿರಿ. ಸಮ್ಮಟಿಗೆ ತಲೆಯ ಅಂಚು ಚೂಪಾಗಿದ್ದರೆ ಗ್ರೈಂಡರ್ ಹಿಡಿದು ಸ್ವಲ್ಪ ಗುಂಡಗೆ ಮಾಡಿ.

ಇನ್ನು ನೀರು. ಟಿಎಂಟಿಯನ್ನು ಮಿಲ್ಲಿನಲ್ಲೇ ಬಿಸಿ ಇರುವಾಗ ನೀರು ಹಾಯಿಸಿ ಹೊರಪದರ ಗಟ್ಟಿ ಮಾಡಿರುತ್ತಾರೆ. ನೀವು ಕೆಂಪಗೆ ಕಾಸಿದ ಕೂಡಲೇ ಆ ಗಟ್ಟಿತನ ಹೋಯಿತು. ಆಮೇಲೆ ನೀರಿಗೆ ಅದ್ದಿ ನೀವೇ ವಾಪಸ್ ತರುತ್ತೀರಿ, ಅದೂ ಅತಿ ತೆಳ್ಳಗಿರುವ ತೊಟ್ಟಿಗೆ. ಇಕ್ಕಳದಲ್ಲಿ ಹಿಡಿಯಿರಿ, ಗಾಳಿಗೆ ಆರಲಿ.

ಎಲೆ ದಪ್ಪ, ತೊಟ್ಟು ಸಣ್ಣ. ಒಲೆಯಿಂದ ತೆಗೆದಾಗ ಎರಡೂ ಕಿತ್ತಳೆ ಬಣ್ಣ. ಎಲೆ ಇನ್ನೂ ಹೊಳೆಯುತ್ತಿರುವಾಗಲೇ ತೊಟ್ಟು ಕಪ್ಪಾಗಿರುತ್ತದೆ. ಅದಕ್ಕೇ ಮೊದಲ ಏಟು ತೊಟ್ಟಿಗೆ, ಆಮೇಲೆ ಎಲೆಗೆ. ಒಲೆಯೊಳಗೆ ಇದು ಉಲ್ಟಾ: ತೊಟ್ಟೇ ಬೇಗ ಕಾಯುತ್ತದೆ. ಸುರುಸುರುಬತ್ತಿ ಥರ ಕಿಡಿ ಹಾರಿದರೆ ಕಬ್ಬಿಣ ಸುಟ್ಟಿತು, ಆ ತುಂಡು ಕಸಕ್ಕೆ. ಮಟಮಟ ಮಧ್ಯಾಹ್ನ ತಾರಸಿಯಲ್ಲಿ ಈ ಬಣ್ಣ ಯಾವುದೂ ಕಾಣುವುದಿಲ್ಲ. ಒಂದು ಶೀಟ್ ಅಡ್ಡ ಹಾಕಿ ನೆರಳು ಮಾಡಿಕೊಳ್ಳಿ.

ಲೀಫ್ ಸ್ಪ್ರಿಂಗ್ ಕೊಕ್ಕೆಗೆ ದಂಡ. ಅದರಲ್ಲಿ ಇಂಗಾಲ ಜಾಸ್ತಿ, ಕೈ ನೋವು ಜಾಸ್ತಿ. ಮಚ್ಚು, ಉಳಿ ಮಾಡುವ ದಿನ ತನ್ನಿ. ಗುಜರಿಯಲ್ಲಿ ರೈಲು ಹಳಿ ತುಂಡು ತೋರಿಸಿ ಆಸೆ ಹುಟ್ಟಿಸುತ್ತಾರೆ. ಬಿಲ್ ಇಲ್ಲದೆ ಮುಟ್ಟಬೇಡಿ, ರೈಲ್ವೆ ಸ್ವತ್ತು ಇಟ್ಟುಕೊಂಡವರ ಮೇಲೆ 1966ರ ಕಾಯ್ದೆಯಲ್ಲೇ ಕೇಸು ಬೀಳುತ್ತದೆ.

ಲಿಂಗರಾಜಪುರ ತಾರಸಿ

ಮುರಿದ ತುಂಡು ನೋಡಿದೆ, ಕಪ್ಪು ಗೆರೆ ಇದೆ ಸಾರ್! ಏಣು ತೆಗೆದು ಮಾಡಿದ್ದು ಬಗ್ಗಿತು. ಇನ್ನೊಂದು ಪ್ರಶ್ನೆ. ಈ ಮಳೆಗಾಲಕ್ಕೆ ತುಕ್ಕು ಹಿಡಿಯದ ಹಾಗೆ ಏನು ಹಚ್ಚಲಿ? ಪೇಂಟ್ ಇಷ್ಟವಿಲ್ಲ.

ಪೀಣ್ಯ ಫಿಟ್ಟರ್

ತಂತಿ ಬ್ರಷ್‌ನಲ್ಲಿ ಉಜ್ಜಿ, ಹೊಟ್ಟು (ಕಾಸಿದಾಗ ಕಬ್ಬಿಣದ ಮೇಲೆ ಕಟ್ಟುವ ಕಪ್ಪು ಪುಡಿಪದರ) ಪೂರ್ತಿ ಹೋಗಲಿ. ಆಮೇಲೆ ಹದವಾಗಿ ಬಿಸಿ ಮಾಡಿ ಜೇನುಮೇಣ ತಾಗಿಸಿ. ಹೊಗೆ ಬರಬೇಕು, ಬೆಂಕಿ ಹತ್ತಬಾರದು. ಬಟ್ಟೆಯಲ್ಲಿ ಒರೆಸಿದರೆ ಕಪ್ಪಗೆ ಮಿರಿಮಿರಿ ಅನ್ನುತ್ತದೆ. ಮಳೆ ಎರಚಲು ಬೀಳುವ ಬಾಗಿಲಾದರೆ ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಅಡುಗೆ ಎಣ್ಣೆ ದಪ್ಪಗೆ ಬಳಿಯಬೇಡಿ, ಅಂಟಂಟಾಗಿ ಧೂಳು ಹಿಡಿಯುತ್ತದೆ.