ಕುಡಿದು ವಾಹನ ಚಲಾಯಿಸಿದ ಎಲ್ಲರಿಗೂ ಒಂದೇ ದಂಡ: ಇದು ನ್ಯಾಯವೇ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದಿಂದ):

ಮಾನ್ಯರೇ, ನನ್ನ ಭಾವ ರಿಕ್ಷಾ ಓಡಿಸುವವರು. ಪತ್ತನಾಜೆಗೆ (ಕೋಲಗಳ ಋತು ಮುಗಿಯುವ ದಿನ) ಮುಂಚೆ ಒಂದು ಭೂತಕೋಲ ಮುಗಿಸಿ ರಾತ್ರಿ ಮನೆಗೆ ಮರಳುವಾಗ ಪೊಲೀಸರು ಊದಿಸಿದರು. ಯಂತ್ರದಲ್ಲಿ 46 ಮಿಲಿಗ್ರಾಂ ಬಂತು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಾಗ 10,000 ರೂಪಾಯಿ ದಂಡ ಬಿತ್ತು. ಅದೇ ದಿನ, ಅವರಿಗಿಂತ ಮುಂದೆ ನಿಂತಿದ್ದ ಕಾರಿನವರೊಬ್ಬರಿಗೆ 180 ದಾಟಿತ್ತಂತೆ. ಅವರಿಗೂ ಅಷ್ಟೇ ದಂಡ. ಅವರು ಕಿಸೆಯಿಂದ ತೆಗೆದು ಕಟ್ಟಿ ಹೋದರು, ಭಾವನವರು ಅಕ್ಕನ ಬಳೆ ಅಡವಿಟ್ಟು ಕಟ್ಟಿದರು. ಕುಡಿದದ್ದು ತಪ್ಪೇ, ಅದರಲ್ಲಿ ನನಗೆ ವಾದವಿಲ್ಲ. ಆದರೆ ನ್ಯಾಯಾಧೀಶರಿಗೆ ದಂಡವನ್ನು ಕಡಿಮೆ ಮಾಡಲು ಅಧಿಕಾರವಿರಲಿಲ್ಲವೇ?

ಉತ್ತರ (ಮಂಜೇಶ್ವರದ ವಕೀಲರೊಬ್ಬರು):

ಬಹುಮಟ್ಟಿಗೆ ಇರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ, ಅದರಿಂದಾಚೆಗೆ ಮೆಟ್ಟಿಲುಗಳಿಲ್ಲ. ಮೊದಲು ಮೊದಲ ಅಪರಾಧಕ್ಕೆ '2,000 ರೂಪಾಯಿಯವರೆಗೆ ದಂಡ' ಎಂದಿತ್ತು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಮೊತ್ತ ಏರಿದ್ದಷ್ಟೇ ಅಲ್ಲ, 'ವರೆಗೆ' ಎಂಬ ಮಾತೂ ಬಿದ್ದುಹೋಯಿತು. ಈಗ ಇರುವುದು ನೇರವಾಗಿ '10,000 ರೂಪಾಯಿ ದಂಡ'. ಜೈಲಿಗೆ ಮಾತ್ರ 'ಆರು ತಿಂಗಳವರೆಗೆ' ಎಂಬ ಮಾತು ಉಳಿದಿದೆ. ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಎಂದಿರುವುದರಿಂದ, ನ್ಯಾಯಾಲಯವು ಬಯಸಿದರೆ ದಂಡದ ಬದಲು ಕಲಾಪ ಮುಗಿಯುವ ತನಕ ಕೂರಿಸುವ ಸಜೆಯನ್ನಾದರೂ ವಿಧಿಸಬಹುದು. ನನ್ನ ಮಟ್ಟಿಗೆ ಅನ್ಯಾಯವಿರುವುದು ತೀರ್ಪಿನಲ್ಲಲ್ಲ, ಆ ಕಳೆದುಹೋದ ಒಂದು ಪದದಲ್ಲಿ.

ಇನ್ನೊಂದು ವಿಷಯ: ಈ ಅಪರಾಧವನ್ನು ಇತರ ಚಲನ್‌ಗಳಂತೆ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ, ಅದಕ್ಕಾಗಿಯೇ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಮುಂದೆ ಮತ್ತೊಮ್ಮೆ ಸಿಕ್ಕಿಬಿದ್ದರೆ 15,000 ರೂಪಾಯಿ ದಂಡ, ಎರಡು ವರ್ಷಗಳವರೆಗೆ ಜೈಲು. ತಪ್ಪೊಪ್ಪಿಗೆ ಅಗ್ಗದ ದಾರಿಯಲ್ಲ ಎಂಬುದನ್ನು ಭಾವನವರಿಗೆ ಹೇಳಿ.

ಉತ್ತರ (ಮುಳ್ಳೇರಿಯದಿಂದ):

ವಕೀಲರ ಮಾತನ್ನು ಒಪ್ಪುತ್ತೇನೆ, ಆದರೆ ಬಡವರೆಂದು ದಂಡ ಇಳಿಸಬೇಕೆಂಬುದನ್ನು ಒಪ್ಪಲಾರೆ. ನನ್ನ ತಮ್ಮನಿಗೆ ಡಿಕ್ಕಿ ಹೊಡೆದದ್ದೂ ಒಂದು ಬಾಡಿಗೆ ಜೀಪು, ಚಾಲಕನೂ ಬಡವನೇ. ಚರಂಡಿಯಲ್ಲಿ ತಮ್ಮನ ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಇಂದಿಗೂ ಸಿಕ್ಕಿಲ್ಲ. ಅಂದಿನಿಂದ ತಮ್ಮ ಊರುಗೋಲು ಹಿಡಿದೇ ನಡೆಯುತ್ತಾನೆ. 46ಕ್ಕೂ 180ಕ್ಕೂ ಒಂದೇ ತಕ್ಕಡಿ ಎಂಬುದು ನಿಜಕ್ಕೂ ತಪ್ಪು. ಆದರೆ ಪರಿಹಾರವೆಂದರೆ 180ರವರಿಗೆ ಹೆಚ್ಚಿಸುವುದು, 46ರವರಿಗೆ ಇಳಿಸುವುದಲ್ಲ.

ಉತ್ತರ (ಕುಂಬಳೆಯ ನಿವೃತ್ತ ಶಿಕ್ಷಕ):

ಫಿನ್ಲೆಂಡಿನಲ್ಲಿ 1921ರಿಂದಲೂ ಆದಾಯಕ್ಕೆ ತಕ್ಕಂತೆ ದಿನದ ಲೆಕ್ಕದಲ್ಲಿ ದಂಡ ವಿಧಿಸುವ ಪದ್ಧತಿಯಿದೆ. ಕುಡಿದು ಓಡಿಸಿದವರಿಗೂ ಅದು ಅನ್ವಯಿಸುತ್ತದೆ. ರಕ್ತದಲ್ಲಿ ಸಾವಿರ ಭಾಗಕ್ಕೆ 0.5 ಭಾಗ ಮದ್ಯಸಾರ ಇದ್ದರೆ ಒಂದು ಅಪರಾಧ, 1.2 ಇದ್ದರೆ ಗಂಭೀರ ಅಪರಾಧ. ಅಂದರೆ ಕುಡಿದ ಪ್ರಮಾಣ ತಪ್ಪಿನ ತೂಕವನ್ನು ಹೇಳುತ್ತದೆ, ಆದಾಯ ದಂಡದ ಮೊತ್ತವನ್ನು. ಮುಳ್ಳೇರಿಯದವರ ಸಿಟ್ಟಿಗೂ ಬದಿಯಡ್ಕದವರ ನೋವಿಗೂ ಅಲ್ಲಿ ಜಾಗವಿದೆ. ನಮ್ಮಲ್ಲಿ ಆದಾಯದ ಲೆಕ್ಕ ಯಾರು ಇಡುವರೆಂಬುದು ಬೇರೆ ಮಾತು. ಪಡಿತರ ಚೀಟಿಯ ಬಣ್ಣವೇ ಇಲ್ಲಿ ವಾದದ ವಸ್ತುವಾಗಿರುತ್ತದೆ!

ಮರುಪ್ರಶ್ನೆ (ಬದಿಯಡ್ಕ):

ಎಲ್ಲರಿಗೂ ವಂದನೆಗಳು. ಈಗ ಲೈಸನ್ಸ್ ಅಮಾನತಿನ ಬಗ್ಗೆ ನೋಟಿಸು ಬಂದಿದೆ, ಅದು ಮಲಯಾಳದಲ್ಲಿದೆ. ಅಕ್ಕನ ಮಗಳು ಓದಿ ಹೇಳಿದಳು. ರಿಕ್ಷಾ ನಿಂತರೆ ದಂಡಕ್ಕಿಂತ ದೊಡ್ಡ ಪೆಟ್ಟು ಅದೇ.

ಉತ್ತರ (ಮಂಜೇಶ್ವರದ ವಕೀಲರು):

ಅಮಾನತಿಗೆ ಮೊದಲು ನಿಮ್ಮ ಮಾತು ಕೇಳಲೇಬೇಕು. ಆದ್ದರಿಂದ ನೋಟಿಸಿನಲ್ಲಿ ಬರೆದ ದಿನಾಂಕದೊಳಗೆ ಉತ್ತರ ಕೊಡಿ. ಇದು ಮೊದಲ ಅಪರಾಧ, ಯಾರಿಗೂ ಗಾಯವಾಗಿಲ್ಲ, ದುಡಿಮೆ ಇದೊಂದೇ ಎಂದು ಬರೆಯಿರಿ. ಕೇರಳದ 1969ರ ರಾಜಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ನಮ್ಮ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. ಉತ್ತರವನ್ನು ಕನ್ನಡದಲ್ಲೇ ಬರೆದು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.